ಮೇಲ್ ಬರೆಯೋಕೆ ಮುಂಚೆ ಅವ್ರ ಬ್ಯಾಲೆನ್ಸ್ ಶೀಟ್ ಓದಿ

ಪ್ರಶ್ನೆ: ಬೆಂಗ್ಳೂರಲ್ಲಿ ಹದಿನೆಂಟು ವರ್ಷ ಫೈನಾನ್ಸ್ ಕೆಲ್ಸ ಮಾಡಿದೀನಿ, ಕೊನೇಲಿ ಒಂದು ಫುಡ್ ಕಂಪ್ನಿಲಿ ಫೈನಾನ್ಸ್ ಹೆಡ್ ಆಗಿದ್ದೆ. ಅಪ್ಪ ಅಮ್ಮನ್ನ ನೋಡ್ಕೊಳ್ಳೋಕೆ ಅಂತ ಮೂಡಿಗೆರೆ ಹತ್ರ ನಮ್ಮೂರಿಗೆ ವಾಪಸ್ ಬಂದಿದೀನಿ. ಇಲ್ಲೇ ಚಿಕ್ಕಮಗಳೂರು, ಹಾಸನ ಕಡೆ ಮೂರ್ನಾಲ್ಕು ಕಂಪ್ನಿಗೆ ಫ್ರ್ಯಾಕ್ಷನಲ್ ಸಿಎಫ್‌ಒ ಆಗಿ, ಅಂದ್ರೆ ಒಂದೊಂದು ಕಡೆ ತಿಂಗ್ಳಿಗೆ ನಾಲ್ಕೈದು ದಿನ ಹೋಗಿ ಹಣಕಾಸು ನೋಡ್ಕೊಡೋ ಕೆಲ್ಸ ಮಾಡ್ಬೇಕು ಅಂತ ಆಸೆ. ಅರವತ್ತು ಕಂಪ್ನಿಗೆ ಮೇಲ್ ಕಳ್ಸಿದೆ. ಎರಡು ಉತ್ತರ ಬಂತು, ಎರಡೂ "ಸದ್ಯಕ್ಕೆ ಬೇಡ". ಮೇಲ್ ಹೇಗೆ ಬರೀಬೇಕು, ಯಾರಿಗೆ ಬರೀಬೇಕು, ಎಷ್ಟು ಸಲ ನೆನಪು ಮಾಡ್ಬೇಕು, ಫೀ ಎಷ್ಟು ಅಂತ ಮೇಲಲ್ಲೇ ಹೇಳ್ಬೇಕಾ?

ಉತ್ತರ: ಮೇಡಂ, ನೀವು ಪ್ರಶ್ನೆ ಜೊತೆ ಕಳ್ಸಿದ ಮೇಲ್ ಓದಿದೆ. ಭಾಷೆ ಚೆನ್ನಾಗಿದೆ, ಅನುಭವಾನೂ ದೊಡ್ಡದು, ಸುಳ್ಳು ಒಂದೂ ಇಲ್ಲ. ಆದ್ರೆ ಶುರುವಿಂದ ಕೊನೇವರೆಗೆ ನಿಮ್ಮ ಬಗ್ಗೆನೇ ಇದೆ, ಕೊನೇಗೆ ಭೇಟಿಗೆ ಟೈಮ್ ಕೊಡಿ ಅಂತ ಕೇಳಿದೀರ. ಓದೋರ ವ್ಯಾಪಾರದ ಬಗ್ಗೆ ಒಂದು ಮಾತೂ ಇಲ್ಲ. ಇರೋಕೂ ಆಗ್ತಿರ್ಲಿಲ್ಲ, ಯಾಕಂದ್ರೆ ಅದೇ ಮೇಲ್ ಕಾಫಿ ಎಕ್ಸ್‌ಪೋರ್ಟರ್‌ಗೂ ಹೋಗಿದೆ, ಹಾಸನದ ಗಾರ್ಮೆಂಟ್ ಫ್ಯಾಕ್ಟರಿಗೂ ಹೋಗಿದೆ, ನರ್ಸಿಂಗ್ ಹೋಮಿಗೂ ಹೋಗಿದೆ. ಈ ಮೂರೂ ಜನಕ್ಕೆ ರಾತ್ರಿ ನಿದ್ದೆ ಕೆಡಿಸೋ ದುಡ್ಡಿನ ಚಿಂತೆ ಬೇರೆ ಬೇರೆ. ಎಕ್ಸ್‌ಪೋರ್ಟರ್‌ಗೆ ಸೀಸನ್‌ನಲ್ಲಿ ಕಾಯಿ ಕೊಳ್ಳೋಕೆ ದುಡ್ಡು ಸಾಲಲ್ಲ, ಗಾರ್ಮೆಂಟ್‌ನವ್ರಿಗೆ ಬೈಯರ್ ದುಡ್ಡು ಬರೋಕೆ ಮುಂಚೆ ಸಂಬಳದ ದಿನ ಬಂದಿರತ್ತೆ, ನರ್ಸಿಂಗ್ ಹೋಮಿಗೆ ಇನ್ಶೂರೆನ್ಸ್ ಕ್ಲೇಮು ಬಾಕಿ ನಿಂತು ಸ್ಕ್ಯಾನಿಂಗ್ ಮೆಷಿನ್ ಇಎಂಐ ಮಾತ್ರ ಕರೆಕ್ಟಾಗಿ ಕಟ್ ಆಗ್ತಿರತ್ತೆ. ನಿಮ್ಮ ಮೇಲ್ ಈ ಮೂರರಲ್ಲಿ ಒಂದನ್ನಾದ್ರೂ ಮುಟ್ಟಿದ್ರೆ ಓದೋರು ಒಂದು ನಿಮಿಷ ನಿಲ್ತಿದ್ರು.

ನಾನು ಇಷ್ಟು ವರ್ಷದ ಕೆಲ್ಸದಿಂದ ಗಟ್ಟಿಯಾಗಿ ನಂಬಿರೋದು ಇದು: ಮೇಲ್‌ನಿಂದ ಕೆಲ್ಸ ಸಿಗಲ್ಲ, ಮೇಲ್‌ನಿಂದ ಒಂದು ಮಾತುಕತೆ ಸಿಗತ್ತೆ, ಆ ಮಾತುಕತೆ ಸಿಗ್ಬೇಕಾದ್ರೆ ಒಂದು ಮೇಲ್‌ನಲ್ಲಿ ಒಂದೇ ವ್ಯಾಪಾರದ ಒಂದೇ ದುಡ್ಡಿನ ಪ್ರಶ್ನೆ ಇರ್ಬೇಕು, ಅದು ಅವ್ರಿಗೆ ಗೊತ್ತಿರೋ ಒಬ್ರ ಹೆಸರಿನ ಹಿಂದೆ ಹೋಗ್ಬೇಕು. ನಮ್ಮ ಎರಡು ಜಿಲ್ಲೇಲಂತೂ ಎರಡನೇದು ಇಲ್ದೆ ಮೊದಲನೇದು ಓಡೋದು ಕಷ್ಟ. ಪರಿಚಯ ಇಲ್ದೋರಿಗೆ ಲೆಕ್ಕದ ಪುಸ್ತಕ ತೋರಿಸೋ ಮಾಲೀಕರು ಇಲ್ಲಿ ಯಾರೂ ಇಲ್ಲ, ಅದು ತಪ್ಪೂ ಅಲ್ಲ.

ಮುಂದೆ ಹೋಗೋಕೆ ಮುಂಚೆ ಕಾನೂನಿನ ಎರಡು ವಿಷ್ಯ. ನೀವು ಸಿಎ ಅಂತ ಎಲ್ಲೂ ಹೇಳಿಲ್ಲ. ಸಿಎ ಆಗಿದ್ದು ಪ್ರಾಕ್ಟೀಸ್ ಸರ್ಟಿಫಿಕೇಟ್ ಇಟ್ಕೊಂಡಿದ್ರೆ ಈ ಥರ ಕೆಲ್ಸ ಕೇಳ್ಕೊಂಡು ಮೇಲ್ ಕಳ್ಸೋದೇ ತೊಂದ್ರೆ ತರತ್ತೆ, 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಮೊದಲನೇ ಶೆಡ್ಯೂಲಲ್ಲಿ ಸರ್ಕ್ಯುಲರ್, ಜಾಹೀರಾತು, ವೈಯಕ್ತಿಕ ಪತ್ರ ಯಾವ ರೀತೀಲೂ ಕ್ಲೈಂಟ್ ಹುಡುಕೋ ಹಾಗಿಲ್ಲ ಅಂತ ಇದೆ, ಕಾಸ್ಟ್ ಅಕೌಂಟೆಂಟ್‌ಗಳಿಗೂ ಅವ್ರ ಕಾಯ್ದೇಲಿ ಇದೇ ಥರದ ನಿಯಮ ಇದೆ. ಹಾಗಿದ್ರೆ ಮೊದ್ಲು ನಿಮ್ಮ ಇನ್‌ಸ್ಟಿಟ್ಯೂಟ್‌ನ ಈಗಿನ ನಿಯಮ ಪೂರ್ತಿ ಓದಿ, ಆಮೇಲೆ ಬೆರಳು ಕೀಬೋರ್ಡ್ ಮೇಲೆ ಇಡಿ. ಎರಡನೇದು, ಲಿಸ್ಟೆಡ್ ಕಂಪ್ನಿಗಳು, ಮತ್ತೆ 10 ಕೋಟಿ ಅಥ್ವಾ ಅದಕ್ಕಿಂತ ಜಾಸ್ತಿ ಪೇಯ್ಡ್ ಅಪ್ ಕ್ಯಾಪಿಟಲ್ (ಷೇರುದಾರರು ಹಾಕಿರೋ ಬಂಡವಾಳ) ಇರೋ ಪಬ್ಲಿಕ್ ಕಂಪ್ನಿಗಳು 2013ರ ಕಂಪ್ನಿ ಕಾಯ್ದೆ ಪ್ರಕಾರ ಪೂರ್ಣಾವಧಿ ಸಿಎಫ್‌ಒ ಇಟ್ಕೊಳ್ಳಲೇಬೇಕು, ತಿಂಗ್ಳಿಗೆ ನಾಲ್ಕು ದಿನ ಬರೋರು ಅಲ್ಲಿ ಆ ಜಾಗಕ್ಕೆ ಬರೋಕಾಗಲ್ಲ. ನಿಮ್ಮ ಜಾಗ ಇರೋದು ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ, ಪಾರ್ಟ್‌ನರ್‌ಶಿಪ್ ಫರ್ಮು ಇವುಗಳಲ್ಲಿ. ಲಿಸ್ಟಿಂದ ದೊಡ್ಡ ಹೆಸರುಗಳನ್ನ ತೆಗ್ದುಬಿಡಿ.

ತೀರಾ ಚಿಕ್ಕವ್ರನ್ನೂ ತೆಗೀರಿ. ಒಂದೇ ಹೋಂಸ್ಟೇ ನಡ್ಸೋರಿಗೆ ಒಳ್ಳೇ ಅಕೌಂಟೆಂಟ್ ಸಾಕು. ನನ್ನ ಅನುಭವದಲ್ಲಿ ವರ್ಷಕ್ಕೆ ಹತ್ತು ಹದಿನೈದು ಕೋಟಿ ವಹಿವಾಟು ದಾಟಿದ ಮೇಲೆನೇ ಈ ಕೆಲ್ಸಕ್ಕೆ ಒಂದು ಅರ್ಥ ಬರೋದು, ಅಷ್ಟರ ಹೊತ್ತಿಗೆ ಮಾಲೀಕರ ತಲೇಲಿ ಇಟ್ಕೊಳ್ಳೋ ಲೆಕ್ಕ ತಲೆ ದಾಟಿ ಹೋಗಿರತ್ತೆ. ಹಾಸನ ಗ್ರೋತ್ ಸೆಂಟರ್‌ನ ಮಧ್ಯಮ ಫ್ಯಾಕ್ಟರಿಗಳು, ಅರಸೀಕೆರೆ ಕಡೆ ತೆಂಗು ಕೊಬ್ಬರಿ ವ್ಯಾಪಾರದಲ್ಲಿ ಬೆಳೆದವ್ರು, ಮೂರ್ನಾಲ್ಕು ರೆಸಾರ್ಟ್ ಇರೋ ಮನೆತನಗಳು, ಟ್ರ್ಯಾಕ್ಟರ್ ಬೈಕ್ ಡೀಲರ್‌ಗಳು, ಆಸ್ಪತ್ರೆಗಳು, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸೋ ಫ್ಯಾಕ್ಟರಿಗಳು) ಮತ್ತೆ ಎಕ್ಸ್‌ಪೋರ್ಟರ್‌ಗಳು. ಇದ್ರಲ್ಲಿ ಹದಿನೈದು ಹೆಸರು ಆರಿಸ್ಕೊಳ್ಳಿ, ಅರವತ್ತು ಬೇಡ.

ಈಗ ಓದೋ ಕೆಲ್ಸ, ಇದನ್ನ ಬಹಳ ಜನ ಮಾಡೋದೇ ಇಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ರೆ ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯದ ಸೈಟಲ್ಲಿ 100 ರೂಪಾಯಿ ಕಟ್ಟಿದ್ರೆ ಆ ಕಂಪ್ನಿ ಸಲ್ಲಿಸಿರೋ ಸಾರ್ವಜನಿಕ ದಾಖಲೆ ಓದೋಕೆ ಸಿಗತ್ತೆ, ಬ್ಯಾಲೆನ್ಸ್ ಶೀಟು, ಲಾಭ ನಷ್ಟದ ಪಟ್ಟಿ, ಯಾವ ಬ್ಯಾಂಕಿಗೆ ಯಾವಾಗ ಆಸ್ತಿ ಅಡ ಇಟ್ಟಿದಾರೆ ಅನ್ನೋ ಚಾರ್ಜ್ ವಿವರ. ಮೂರು ವರ್ಷದ್ದು ಪಕ್ಕಪಕ್ಕ ಇಟ್ಕೊಂಡು ಕೂತ್ಕೊಳ್ಳಿ. ಮಾರಾಟ ಏರಿದೆಯಾ, ಅದಕ್ಕಿಂತ ಜೋರಾಗಿ ಗಿರಾಕಿಗಳ ಬಾಕಿ ಏರಿದೆಯಾ, ಸ್ಟಾಕ್ ಬೆಳೀತಾ ಇದೆಯಾ, ಲಾಭ ತೋರಿಸಿದಾರೆ ಆದ್ರೆ ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್ ಸಾಲ) ಕೂಡ ಜಾಸ್ತಿ ಆಗ್ತಾ ಇದೆಯಾ, ಡೈರೆಕ್ಟರ್‌ಗಳೇ ಸ್ವಂತ ದುಡ್ಡು ಸಾಲ ಅಂತ ಹಾಕ್ತಾ ಇದಾರಾ. ಕೊನೇದು ಕಂಡ್ರೆ ಗಮನ ಇಟ್ಟು ನೋಡಿ, ಬ್ಯಾಂಕ್ ಕೊಟ್ಟ ಸಾಲದ ಲಿಮಿಟ್ ಸಾಕಾಗ್ದೆ ಮನೆ ದುಡ್ಡು ತಂದು ಸುರೀತಿರೋ ಲಕ್ಷಣ ಅದು. ಫರ್ಮ್ ಆದ್ರೆ ಇಷ್ಟೆಲ್ಲಾ ಸಿಗಲ್ಲ, ಕ್ಯೂರಿಂಗ್ ಕಡೆ ಬಹಳಷ್ಟು ಪಾರ್ಟ್‌ನರ್‌ಶಿಪ್ಪೇ. ಅವ್ರ ಜಿಎಸ್‌ಟಿ ನಂಬರ್ ಹಾಕಿ ಪೋರ್ಟಲ್‌ನಲ್ಲಿ ನೋಡಿದ್ರೆ ಯಾವಾಗ ರಿಜಿಸ್ಟರ್ ಆಗಿದಾರೆ, ರಿಟರ್ನ್ ಟೈಮಿಗೆ ಹಾಕ್ತಿದಾರಾ ಅಂತಾದ್ರೂ ಗೊತ್ತಾಗತ್ತೆ.

ಇಲ್ಲೇ ಒಂದು ಎಚ್ಚರಿಕೆ. ಓದಿದ್ದನ್ನ ಮೇಲ್‌ನಲ್ಲಿ ಉದುರಿಸ್ಬೇಡಿ. "ನಿಮ್ಮ ಬಾಕಿ ವಸೂಲಿ ಹೋದ ವರ್ಷಕ್ಕಿಂತ ನಿಧಾನ ಆಗಿದೆ" ಅಂತ ಬರೆದ್ರೆ ನೀವು ಬುದ್ಧಿವಂತರು ಅಂತ ಯಾರೂ ಅಂದ್ಕೊಳ್ಳಲ್ಲ, ಯಾರಿವ್ರು ನಮ್ಮ ಮನೆ ಲೆಕ್ಕ ಕೆದಕ್ತಾ ಇರೋದು ಅಂತ ಬೇಜಾರಾಗತ್ತೆ. ಜೊತೆಗೆ ಇನ್ನೊಂದು, ಕಂಪ್ನಿ ಸೈಟಲ್ಲಿರೋ ಐಡಿಗೆ ಬರೋ ಮೇಲ್ ಮೊದ್ಲು ತೆಗೆಯೋದು ಮಾಲೀಕರಲ್ಲ, ಆಫೀಸ್‌ನ ಅಕೌಂಟೆಂಟು ಅಥ್ವಾ ಮ್ಯಾನೇಜರು. ಹತ್ತು ಹದಿನೈದು ವರ್ಷದಿಂದ ಅಲ್ಲಿ ಟ್ಯಾಲಿ ಮುಂದೆ ಕೂತಿರೋ ಮನುಷ್ಯ ಅವ್ರು. ಬೆಂಗ್ಳೂರಿಂದ ಬಂದ ಸಿಎಫ್‌ಒ ಅನ್ನೋ ಪದ ನೋಡಿದ ತಕ್ಷಣ ನನ್ನ ಕುರ್ಚಿಗೆ ಬಂತು ಅಂತ ಅವ್ರಿಗೆ ಅನ್ಸಿದ್ರೆ ಆ ಮೇಲ್ ಮೇಲಕ್ಕೆ ಹೋಗೋದೇ ಇಲ್ಲ. ಹಾಗಾಗಿ ದಾಖಲೆ ಓದೋದು ಯಾವ ಪ್ರಶ್ನೆ ಕೇಳ್ಬೇಕು ಅಂತ ನಿಮಗೆ ಗೊತ್ತಾಗ್ಲಿ ಅಂತ. ಪ್ರಶ್ನೆ ಮಾತ್ರ ಆ ವ್ಯಾಪಾರದಲ್ಲಿರೋ ಎಲ್ರಿಗೂ ಬರೋ ಕಷ್ಟದ ರೂಪದಲ್ಲಿ ಕೇಳಿ, ಅಂಕಿ ಒಂದೂ ಬೇಡ, ಮತ್ತೆ ಅಕೌಂಟೆಂಟ್‌ಗೆ ಮರ್ಯಾದೆ ಇರೋ ಹಾಗೆ ಬರೀರಿ.

ಕಾಫಿ ಉದಾಹರಣೆನೇ ತಗೊಳ್ಳೋಣ, ನಿಮ್ಮೂರಿನ ಸುತ್ತ ಇರೋದೇ ಅದು. 20 ಅಡಿ ಕಂಟೇನರ್‌ಗೆ 60 ಕೆಜಿಯ 320 ಮೂಟೆ, ಅಂದ್ರೆ 19.2 ಟನ್ ಹಸಿರು ಕಾಫಿ ಹೋಗತ್ತೆ. ಕೆಜಿಗೆ 200 ರೂಪಾಯಿ ಅಂತ ಇಟ್ಕೊಂಡ್ರೆ ಒಂದು ಕಂಟೇನರ್ ತುಂಬಿಸೋಕೆ 38 ಲಕ್ಷದ ಚಿಲ್ಲರೆ, ಅದೇ 400 ಆದ್ರೆ 77 ಲಕ್ಷದ ಹತ್ರ. 2024ರಲ್ಲಿ ಲಂಡನ್ ರೋಬಸ್ಟಾ ಟನ್ನಿಗೆ 5000 ಡಾಲರ್ ದಾಟ್ತು, 2025ರ ಫೆಬ್ರವರೀಲಿ ನ್ಯೂಯಾರ್ಕ್ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟ್ತು. ಬೆಳೆಗಾರರಿಗೆ ಖುಷಿ, ಆದ್ರೆ ಕೊಳ್ಳೋ ಎಕ್ಸ್‌ಪೋರ್ಟರ್‌ಗೆ ಅಷ್ಟೇ ಕಾಫಿಗೆ ದುಪ್ಪಟ್ಟು ದುಡ್ಡು ಬೇಕಾಯ್ತು, ಮತ್ತೆ ಬ್ಯಾಂಕ್ ಲಿಮಿಟ್ ಹಳೇ ವಹಿವಾಟಿನ ಲೆಕ್ಕದಲ್ಲೇ ನಿಂತಿದ್ರೆ ಸೀಸನ್ ನಡುವೆ ಕೈ ಕಟ್ಟಿದ ಹಾಗೆ. ಸಣ್ಣ ಉದ್ಯಮಗಳಿಗೆ 5 ಕೋಟಿವರೆಗಿನ ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ವ್ಯವಹಾರಕ್ಕೆ ಬೇಕಾದ ದುಡ್ಡು) ಸಾಲದ ಮಿತೀನ ಬ್ಯಾಂಕ್‌ಗಳು ಮುಂದಿನ ವರ್ಷದ ಅಂದಾಜು ಟರ್ನ್‌ಓವರ್‌ನ ಕನಿಷ್ಠ 20% ಅಂತ ಲೆಕ್ಕ ಹಾಕೋ ಪದ್ಧತಿ ಇದೆ, ನಾಯಕ್ ಕಮಿಟಿ ವಿಧಾನ ಅಂತಾರೆ. ಅಂದಾಜು ಅನ್ನೋದೇ ಅಲ್ಲಿ ಮುಖ್ಯ, ಹೊಸ ರೇಟಿಗೆ ತಕ್ಕ ಪ್ರೊಜೆಕ್ಷನ್‌ನ ಕಾರಣ ಸಮೇತ ಬರ್ದುಕೊಟ್ರೆ ಮ್ಯಾನೇಜರ್‌ಗೂ ಮೇಲಿನವ್ರಿಗೆ ಕಳ್ಸೋಕೆ ಒಂದು ಆಧಾರ ಸಿಗತ್ತೆ. ರೇಟ್ ಇಳಿದಾಗ ಉಲ್ಟಾ ಕಷ್ಟ: ಮೇಲಿನ ರೇಟಲ್ಲಿ ಕೊಂಡ ಸ್ಟಾಕ್ ಗೋಡೌನಲ್ಲಿ, ಬೆಲೆ ಕಮ್ಮಿ ಆದ ಹಾಗೆ ಡ್ರಾಯಿಂಗ್ ಪವರ್, ಅಂದ್ರೆ ಸ್ಟಾಕ್ ಬೆಲೆ ನೋಡಿ ಬ್ಯಾಂಕ್ ತೆಗೆಯೋಕೆ ಬಿಡೋ ದುಡ್ಡು, ಕಮ್ಮಿ. ಇಷ್ಟನ್ನ ಅರ್ಥ ಮಾಡ್ಕೊಂಡು ಎರಡು ವಾಕ್ಯದಲ್ಲಿ ಹೇಳೋರು ಎಕ್ಸ್‌ಪೋರ್ಟರ್‌ಗೆ ಬೇಕು.

ಯಾರಿಗೆ ಮೊದ್ಲು ಬರೀಬೇಕು ಅಂದ್ರೆ, ಮಾಲೀಕರಿಗೆ ಕೊನೇಲಿ ಬರೀರಿ. ಮೊದ್ಲು ನಿಮ್ಮನ್ನ ಕೆಲ್ಸದಲ್ಲಿ ನೋಡಿರೋರಿಗೆ. ಹಳೇ ಬಾಸು, ಜೊತೇಲಿದ್ದೋರು, ನಿಮ್ಮ ಫುಡ್ ಕಂಪ್ನಿಗೆ ಮಸಾಲೆನೋ ಪ್ಯಾಕಿಂಗೋ ಸಪ್ಲೈ ಮಾಡ್ತಿದ್ದೋರು, ನಿಮ್ಮ ಫೈಲ್ ನೋಡ್ತಿದ್ದ ಬ್ಯಾಂಕ್ ಅಧಿಕಾರಿಗಳು. ಇವ್ರ ಹತ್ರ ಕೆಲ್ಸ ಕೇಳ್ಬೇಡಿ, ಒಂದು ಹೆಸರು ಕೇಳಿ. ಮತ್ತೆ "ಯಾರಿಗಾದ್ರೂ ಸಿಎಫ್‌ಒ ಬೇಕಿದ್ರೆ ಹೇಳಿ" ಅಂತ ಕೇಳಿದ್ರೆ ಯಾರಿಗೂ ಯಾರ ನೆನಪೂ ಬರಲ್ಲ, ಯಾಕಂದ್ರೆ ಯಾವ ಮಾಲೀಕರೂ ಟೀ ಕುಡೀತಾ ನನಗೆ ಸಿಎಫ್‌ಒ ಬೇಕು ಅನ್ನಲ್ಲ. ಅವ್ರು ಅನ್ನೋ ಮಾತು ಬರೀರಿ. ಹೀಗೆ:

"ನಮಸ್ಕಾರ ಸರ್, ನಾನು ಈಗ ಮೂಡಿಗೆರೆಯಲ್ಲೇ ನೆಲೆಸಿದ್ದೇನೆ. ಒಬ್ಬೊಬ್ಬ ಮಾಲೀಕರಿಗೆ ತಿಂಗಳಿಗೆ ನಾಲ್ಕೈದು ದಿನದಂತೆ ಹಣಕಾಸಿನ ಕೆಲಸ ಮಾಡಿಕೊಡಬೇಕೆಂದಿದ್ದೇನೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ನಿಮಗೆ ಗೊತ್ತಿರುವವರಲ್ಲಿ 'ವ್ಯಾಪಾರ ಚೆನ್ನಾಗಿದೆ, ದುಡ್ಡು ಎಲ್ಲಿ ಹೋಗುತ್ತಿದೆಯೋ ಗೊತ್ತಾಗುತ್ತಿಲ್ಲ' ಎಂದು ಹೇಳಿಕೊಂಡವರು ಯಾರಾದರೂ ಇದ್ದಾರೆಯೇ? ಒಬ್ಬರ ಹೆಸರು ಸಾಕು. ನಿಮ್ಮ ಹೆಸರು ಹೇಳಿ ನಾನೇ ಬರೆಯಬಹುದೇ ಎಂದೂ ತಿಳಿಸಿ."

ಕೊನೇ ಸಾಲು ಬಿಡ್ಬೇಡಿ. ಒಬ್ರ ಹೆಸರನ್ನ ಅವ್ರ ಒಪ್ಪಿಗೆ ಇಲ್ದೆ ಇನ್ನೊಬ್ರ ಹತ್ರ ಬಳಸೋದು ಈ ಕಡೆ ಒಂದು ಸಲ ಗೊತ್ತಾದ್ರೆ ಎರಡೂ ಬಾಗಿಲು ಮುಚ್ಚತ್ತೆ.

ಆಮೇಲೆ ಆಡಿಟರ್‌ಗಳು. ಇದ್ರ ಮೇಲೆ ನೀವು ಅತೀ ಹೆಚ್ಚು ಟೈಮ್ ಹಾಕ್ಬೇಕು ಅಂತ ನಾನು ಒತ್ತಿ ಹೇಳ್ತೀನಿ. ಹಾಸನ ಚಿಕ್ಕಮಗಳೂರಲ್ಲಿ ಮಾಲೀಕರು ಮನೆ ಕಟ್ಟೋಕೂ ಆಡಿಟರ್‌ನ ಕೇಳ್ತಾರೆ, ಮಗಳ ಮದ್ವೆ ಖರ್ಚಿಗೂ ಕೇಳ್ತಾರೆ. ನೀವು ಎಷ್ಟೇ ಚೆನ್ನಾಗಿ ಬರೆದ್ರೂ ಮಾಲೀಕರು ಆ ಮೇಲ್‌ನ ಆಡಿಟರ್‌ಗೆ ಫಾರ್ವರ್ಡ್ ಮಾಡಿ "ಇವ್ರು ಯಾರು ಸರ್" ಅಂತ ಕೇಳೇ ಕೇಳ್ತಾರೆ. ಆಗ ಆಡಿಟರ್‌ಗೆ ನಿಮ್ಮ ಹೆಸರು ಗೊತ್ತಿಲ್ಲ ಅಂದ್ರೆ "ಬೇಕಾಗಿಲ್ಲ ಬಿಡಿ" ಅನ್ನೋ ಒಂದು ಮಾತಲ್ಲಿ ಮುಗೀತು. ಅವ್ರ ಭಯ ಸಹಜ, ಹೊಸಬರು ಬಂದು ಕ್ಲೈಂಟ್‌ನ ಎತ್ಕೊಂಡು ಹೋಗ್ತಾರೇನೋ ಅಂತ. ಆ ಭಯಕ್ಕೆ ಉತ್ತರ ಮೇಲ್‌ನ ಎರಡನೇ ಸಾಲಲ್ಲೇ ಇರ್ಬೇಕು:

"ನಮಸ್ಕಾರ ಸರ್, ನಾನು ಮೂಡಿಗೆರೆ ಕಡೆಯವಳು, ಬೆಂಗಳೂರಿನ ಫುಡ್ ಕಂಪನಿಯೊಂದರಲ್ಲಿ ಫೈನಾನ್ಸ್ ಹೆಡ್ ಆಗಿದ್ದೆ, ಈಗ ಊರಿನಲ್ಲೇ ಇದ್ದೇನೆ. ಆಡಿಟ್, ಟ್ಯಾಕ್ಸ್, ಜಿಎಸ್‌ಟಿ ಫೈಲಿಂಗ್ ನಾನು ಮಾಡುವುದಿಲ್ಲ, ಮುಂದೆಯೂ ಮಾಡುವುದಿಲ್ಲ. ವಾರವಾರದ ಹಣದ ಅಂದಾಜು, ಬ್ಯಾಂಕ್ ಲಿಮಿಟ್ ರಿನ್ಯೂವಲ್‌ಗೆ ಬೇಕಾದ ಪ್ರೊಜೆಕ್ಷನ್, ಯಾವ ಮಾಲಿನಲ್ಲಿ ಎಷ್ಟು ಮಾರ್ಜಿನ್ ಎಂಬ ಲೆಕ್ಕ, ಇಷ್ಟು ನನ್ನ ಕೆಲಸ. ನಿಮ್ಮ ಕ್ಲೈಂಟ್‌ಗಳು ಇವುಗಳಿಗೂ ನಿಮ್ಮನ್ನೇ ಹಿಡಿದು ಕೂರುತ್ತಿದ್ದರೆ, ನವೆಂಬರ್‌ನಲ್ಲಿ ನಿಮಗೆ ಅನುಕೂಲವಾದ ದಿನ ಆಫೀಸಿಗೆ ಬಂದು ಹದಿನೈದು ನಿಮಿಷ ಮಾತಾಡಬಹುದೇ?"

ಈ ಗೆರೆ ಮೇಲ್‌ಗಷ್ಟೇ ಸೀಮಿತ ಆಗದೆ ನಿಜವಾಗ್ಲೂ ಪಾಲಿಸಿ. ಉದಾಹರಣೆಗೆ ತೋಟದವ್ರು ಬೆಳೆದು ಕ್ಯೂರ್ ಮಾಡಿ ಮಾರಿದ್ರೆ ಆದಾಯದ 25% ವ್ಯಾಪಾರದ್ದು ಅಂತ ತೆರಿಗೆಗೆ ಬರತ್ತೆ, ಅವ್ರೇ ಹುರಿದು ಪುಡಿ ಮಾಡಿ ಮಾರಿದ್ರೆ 40%. ಈಗ ಬಹಳ ತೋಟದವ್ರು ಸ್ವಂತ ಬ್ರ್ಯಾಂಡ್ ಮಾಡ್ಬೇಕು ಅಂತಿದಾರೆ, ಈ ತೆರಿಗೆ ಮಾತು ಆಡಿಟರ್‌ದು, ನೀವು ಬಾಯಿ ಹಾಕ್ಬೇಡಿ. ಪಾರ್ಚ್‌ಮೆಂಟ್ (ಒಳಸಿಪ್ಪೆ ಇರೋ ಒಣ ಕಾಫಿ) ಮಾರಿದ್ರೆ ವಾರದಲ್ಲಿ ಬರ್ತಿದ್ದ ದುಡ್ಡು ಪ್ಯಾಕೆಟ್ ಆಗಿ ಅಂಗಡಿಗೆ ಹೋಗಿ ವಾಪಸ್ ಬರೋಕೆ ಎಷ್ಟು ತಿಂಗ್ಳು ಸಿಕ್ಕಾಕೊಳ್ಳತ್ತೆ, ಅಷ್ಟು ದಿನ ಕೂಲಿ ಎಲ್ಲಿಂದ ಕೊಡ್ತೀರ ಅನ್ನೋದು ನಿಮ್ಮ ಪ್ರಶ್ನೆ. ಈ ವ್ಯತ್ಯಾಸ ಆಡಿಟರ್‌ಗೆ ಕಣ್ಣಿಗೆ ಕಂಡ್ರೆ ಅವ್ರೇ ನಿಮ್ಮನ್ನ ಕರೀತಾರೆ.

ಇವೆರಡೂ ಆದ್ಮೇಲೆ ಮಾಲೀಕರ ಮೇಲ್. ಇಂಗ್ಲಿಷಲ್ಲಿ ಕಳ್ಸೋದಾ ಕನ್ನಡದಲ್ಲಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾವುದ್ರಲ್ಲಿ ಅವ್ರು ವ್ಯವಹಾರ ಮಾಡ್ತಾರೋ ಅದ್ರಲ್ಲಿ. ಎಕ್ಸ್‌ಪೋರ್ಟರ್‌ಗಳು ದಿನಾ ಇಂಗ್ಲಿಷ್ ಮೇಲ್ ಓದ್ತಾರೆ, ಡೀಲರ್‌ಗಳಿಗೆ, ಕೊಬ್ಬರಿ ವ್ಯಾಪಾರಿಗಳಿಗೆ ಸರಳ ಕನ್ನಡವೇ ಹತ್ರ ಅನ್ಸತ್ತೆ. ವಿಷ್ಯ ಒಂದೇ:

"ನಮಸ್ಕಾರ ಸರ್, ನಿಮ್ಮ ಆಡಿಟರ್ ಅವರು ನಿಮಗೆ ಬರೆಯಲು ಹೇಳಿದರು. ಕಾಫಿ ರೇಟ್ ಏರಿಳಿತದಿಂದ ಜನವರಿಯಲ್ಲಿ ಖರೀದಿಗೆ ಎಷ್ಟು ಹಣ ಬೇಕಾಗಬಹುದು ಎಂದು ಮೊದಲೇ ಹೇಳುವುದು ಎಲ್ಲ ಎಕ್ಸ್‌ಪೋರ್ಟರ್‌ಗಳಿಗೂ ಕಷ್ಟವಾಗಿದೆ. ನಿಮ್ಮಲ್ಲಿ ಸೀಸನ್‌ಗೆ ಮುಂಚೆ ವಾರವಾರದ ಅಂದಾಜು ಹಾಕುವ ಪದ್ಧತಿ ಇದೆಯೇ? ಇಲ್ಲದಿದ್ದರೆ ನಾನು ಬಳಸುವ ಒಂದು ಪುಟದ ಎಕ್ಸೆಲ್ ಶೀಟ್ ಕಳುಹಿಸುತ್ತೇನೆ, ನಿಮ್ಮ ಅಕೌಂಟೆಂಟ್ ಅವರೇ ತುಂಬಿಸಬಹುದು. 'ಕಳುಹಿಸಿ' ಎಂದು ಬರೆದರೆ ಸಾಕು."

ನೋಡಿ, ಇದ್ರಲ್ಲಿ ನಿಮ್ಮ ಹದಿನೆಂಟು ವರ್ಷ ಎಲ್ಲೂ ಇಲ್ಲ. ಅದು ಸಹಿ ಕೆಳಗೆ ಒಂದು ಸಾಲಲ್ಲಿ ಇರ್ಲಿ: ಹೆಸರು, ಊರು, ಹಿಂದಿನ ಹುದ್ದೆ, ಫೋನ್ ನಂಬರ್. ಊರು ಹಾಕೋದು ಮುಖ್ಯ, ಮೂಡಿಗೆರೆ ಅಂತ ಕಂಡ್ರೆ ಬೆಂಗ್ಳೂರಿಂದ ಬರೋ ನೂರಾರು ಸೇಲ್ಸ್ ಮೇಲ್‌ನಿಂದ ನಿಮ್ಮದು ಬೇರೆ ಆಗತ್ತೆ. ಅವ್ರು ಮಾಡ್ಬೇಕಾದ ಕೆಲ್ಸ ಒಂದು ಪದ ಬರೆಯೋದು ಅಷ್ಟೇ, ಮೀಟಿಂಗ್ ಕೊಡಿ ಅಂತ ಕೇಳಿದ್ರೆ ಅವ್ರು ಕ್ಯಾಲೆಂಡರ್ ನೋಡ್ಬೇಕು, ಯೋಚಿಸ್ಬೇಕು, ಅಲ್ಲಿಗೇ ಬಿಟ್ಟುಬಿಡ್ತಾರೆ. ಶೀಟ್ ತರ್ಸಿಕೊಂಡೋರು ತುಂಬಿಸೋಕೆ ಹೋದಾಗ ಎರಡನೇ ಕಾಲಂನಲ್ಲೇ ಅನುಮಾನ ಬರತ್ತೆ, ಫೋನ್ ಬರತ್ತೆ, "ಒಂದ್ಸಲ ಈ ಕಡೆ ಬಂದಾಗ ಬನ್ನಿ" ಅಂತಾರೆ. ಆ ಕಡೆ ಹೋಗೋದು ಇಲ್ದಿದ್ರೂ ಆ ವಾರದಲ್ಲೇ ಹೋಗಿ.

ಸಬ್ಜೆಕ್ಟ್ ಲೈನ್ ನಾಲ್ಕೈದು ಪದ, ಮೊಬೈಲಲ್ಲಿ ಅದಕ್ಕಿಂತ ಕಾಣಲ್ಲ. "ಜನವರಿ ಖರೀದಿ ಹಣದ ಅಂದಾಜು" ಸಾಕು. ಪ್ರೊಫೈಲ್ ಪಿಡಿಎಫ್ ಮೊದಲ ಮೇಲಿಗೆ ಅಂಟಿಸ್ಬೇಡಿ. ಸ್ವಂತ ಡೊಮೇನ್ ತಗೊಂಡಿದ್ರೆ ಅದಕ್ಕೆ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜವಾಗ್ಲೂ ನಿಮ್ಮಿಂದಲೇ ಬಂದಿದೆ ಅಂತ ತೋರಿಸೋ ಸೆಟ್ಟಿಂಗ್‌ಗಳು) ಸೆಟ್ ಆಗಿದೆಯಾ ಅಂತ ಡೊಮೇನ್ ಕೊಟ್ಟೋರ ಹತ್ರ ಕೇಳಿ, 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲಾ ಕಳ್ಸೋರಿಗೂ ಎರಡರಲ್ಲಿ ಒಂದಾದ್ರೂ ಇರ್ಲೇಬೇಕು ಅಂತ ಮಾಡಿದೆ. ಹೊಸ ಡೊಮೇನಿಂದ ಒಂದೇ ದಿನ ಅರವತ್ತು ಒಂದೇ ಥರದ ಮೇಲ್ ಹೋದ್ರೆ ಅರ್ಧಕ್ಕರ್ಧ ಸ್ಪ್ಯಾಮ್‌ಗೆ ಬಿದ್ದಿರೋ ಸಾಧ್ಯತೆ ಇದೆ, ಅವ್ರು ನೋಡಿ ಬಿಟ್ಟಿದಾರೆ ಅಂತ ನೊಂದ್ಕೊಳ್ಬೇಡಿ. ದಿನಕ್ಕೆ ಎರಡೇ ಬರೀರಿ, ಕೈಯಾರೆ.

ಯಾವಾಗ ಕಳ್ಸೋದು ಅನ್ನೋದು ನಮ್ಮ ಕಡೆ ಬಹಳ ದೊಡ್ಡ ವಿಷ್ಯ. ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು, ಅದ್ರ ಹಿಂದೆನೇ ರೋಬಸ್ಟಾ ಶುರುವಾಗಿ ಮಾರ್ಚ್‌ವರೆಗೂ ಎಳೆಯತ್ತೆ, ಆಳು ಸಿಕ್ತಿಲ್ಲ, ಕಣದಲ್ಲಿ ಕಾಯಿ ಒಣಗ್ತಿದೆ, ಮೋಡ ಕಟ್ತಿದೆ, ಆಗ ತೋಟದವ್ರು ಯಾರ ಮೇಲ್ ಓದ್ತಾರೆ? ಅದು ಮುಗೀತಿದ್ದ ಹಾಗೆ ಹೂಮಳೆ ಕಾಯ್ತಾ ಆಕಾಶ ನೋಡ್ತಾ ಕೂತಿರ್ತಾರೆ. ತೋಟದವ್ರಿಗೆ ಜುಲೈ ಆಗಸ್ಟ್ ಸರಿ, ಜಡಿಮಳೇಲಿ ಮನೇಲೇ ಇರ್ತಾರೆ, ಕಳೆದ ವರ್ಷದ ಲೆಕ್ಕ ಮನಸ್ಸಲ್ಲಿರತ್ತೆ, ಕರೆಂಟು ನೆಟ್‌ವರ್ಕ್ ಹೋಗಿ ಬಂದು ಮಾಡೋದ್ರಿಂದ ಉತ್ತರ ತಡ ಆಗ್ಬಹುದು ಅಷ್ಟೇ. ಎಕ್ಸ್‌ಪೋರ್ಟರ್‌ಗೆ, ಕ್ಯೂರಿಂಗ್‌ನವ್ರಿಗೆ ಸೆಪ್ಟೆಂಬರ್ ಅಕ್ಟೋಬರ್, ಖರೀದಿಗೆ ಮುಂಚೆ. ಆಡಿಟರ್‌ಗೆ ಮಾತ್ರ ಸೆಪ್ಟೆಂಬರ್ ಅಕ್ಟೋಬರ್ ಬೇಡವೇ ಬೇಡ, ಸೆಪ್ಟೆಂಬರ್ 30 ಟ್ಯಾಕ್ಸ್ ಆಡಿಟ್, ಅಕ್ಟೋಬರ್ 31 ಅದ್ರ ರಿಟರ್ನ್ ಅಂತ ಇರೋದು, ಅದೂ ಎಷ್ಟೋ ವರ್ಷ ಮುಂದಕ್ಕೆ ಹೋಗತ್ತೆ, ಆಗ ಅವ್ರ ಆಫೀಸಲ್ಲಿ ಕೂರೋಕೆ ಜಾಗ ಇರಲ್ಲ. ಪ್ರತೀ ತಿಂಗ್ಳು 11ನೇ ತಾರೀಖು, 20ನೇ ತಾರೀಖು ಜಿಎಸ್‌ಟಿ ದಿನಗಳು, ಅವೂ ಬಿಡಿ. ಬ್ಯಾಂಕ್‌ನವ್ರಿಗೆ ಮಾರ್ಚ್‌ನಲ್ಲಿ ಬರೀಬೇಡಿ.

ಈ ಲೆಕ್ಕದ ಜೊತೆ ಹೊಸ ನಿಯಮಗಳ ಮೇಲೂ ಕಣ್ಣಿಡಿ, ಅವು ಬರೆಯೋಕೆ ಒಳ್ಳೇ ಕಾರಣ ಕೊಡತ್ತೆ. ಯುರೋಪಿನ ಅರಣ್ಯನಾಶ ತಡೆ ನಿಯಮ 2023ರಲ್ಲಿ ಬಂತು, 2020ರ ಡಿಸೆಂಬರ್ 31ರ ನಂತ್ರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರೋ ಹಾಗಿಲ್ಲ, ತೋಟದ ಜಾಗದ ಮ್ಯಾಪ್ ವಿವರ ಕೊಡ್ಬೇಕು. ಜಾರಿ ದಿನಾಂಕ ಮುಂದಕ್ಕೆ ಹೋಗ್ತಾ ಬಂದಿದೆ, ಆದ್ರೆ ಸಣ್ಣ ಬೆಳೆಗಾರರಿಂದ ಕೊಳ್ಳೋ ಎಕ್ಸ್‌ಪೋರ್ಟರ್‌ಗೆ ದಾಖಲೆ ಹೊಂದಿಸೋ ಖರ್ಚು ಇದ್ದೇ ಇದೆ, ಅದನ್ನ ರೇಟ್‌ನಲ್ಲಿ ಎಲ್ಲಿ ಸೇರಿಸ್ತೀರ ಅನ್ನೋದು ಫೈನಾನ್ಸ್ ಪ್ರಶ್ನೆನೇ. ಹಾಸನದ ಸಣ್ಣ ಫ್ಯಾಕ್ಟರಿಗಳಿಗೆ 45 ದಿನದ ನಿಯಮ ಇದೆ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇರೋ ಮೈಕ್ರೋ ಮತ್ತು ಸಣ್ಣ ಸಪ್ಲೈಯರ್‌ಗೆ ಲಿಖಿತ ಒಪ್ಪಂದ ಇದ್ರೆ ಹೆಚ್ಚಂದ್ರೆ 45 ದಿನ, ಇಲ್ದಿದ್ರೆ 15 ದಿನದಲ್ಲಿ ದುಡ್ಡು ಕೊಡ್ಬೇಕು, ತಡ ಮಾಡಿದ ಕೊಳ್ಳೋರಿಗೆ ಆ ಖರ್ಚು ದುಡ್ಡು ಕೊಟ್ಟ ವರ್ಷವೇ ಆದಾಯ ತೆರಿಗೇಲಿ ಕಳೀಯೋಕೆ ಸಿಗೋದು. ಕಂಪ್ನಿ ಕೊಳ್ಳೋ ಕಡೆ ಇದೆಯೋ ಮಾರೋ ಕಡೆ ಇದೆಯೋ ನೋಡ್ಕೊಂಡು ಪ್ರಶ್ನೆ ಬದಲಾಗ್ಬೇಕು.

ನೆನಪಿಸೋದು ಎರಡೇ ಸಲ. ಮೊದಲ್ನೇದು ಹತ್ತು ಹನ್ನೆರಡು ದಿನಕ್ಕೆ, ಬರೀ "ನನ್ನ ಮೇಲ್ ನೋಡಿದ್ರಾ" ಅಂತ ಬೇಡ, ಅವ್ರಿಗೆ ಉಪಯೋಗ ಆಗೋ ಒಂದು ಹೊಸ ವಿಷ್ಯ ಎರಡು ಸಾಲಲ್ಲಿ ಇರ್ಲಿ. ಎರಡನೇದು ಮುಂದಿನ ಸೀಸನ್ ಶುರುವಾಗೋ ಹೊತ್ತಿಗೆ. ಆಮೇಲೂ ಉತ್ತರ ಇಲ್ಲ ಅಂದ್ರೆ ಬಿಟ್ಟುಬಿಡಿ, ಚಿಕ್ಕ ಊರು, ಯಾರದ್ದೋ ಗೃಹಪ್ರವೇಶದಲ್ಲಿ ಎದುರುಬದುರು ಸಿಗ್ತೀರ, ಆಗ ಅವ್ರಿಗೆ ಮುಜುಗರ ಆಗ್ಬಾರ್ದು. ವಾಟ್ಸಾಪ್‌ನಲ್ಲಿ ನೆನಪಿಸೋದು ಅವ್ರೇ ನಂಬರ್ ಕೊಟ್ಟಿದ್ರೆ ಮಾತ್ರ. "ಸದ್ಯಕ್ಕೆ ಬೇಡ" ಅಂದ ಆ ಇಬ್ರಿಗೆ ಇವತ್ತೇ ಎರಡು ಸಾಲು ಥ್ಯಾಂಕ್ಸ್ ಬರೀರಿ, ಉತ್ತರ ಕೊಡೋ ಸೌಜನ್ಯ ಇರೋ ಜನ ಅವ್ರು, ಆರು ತಿಂಗ್ಳು ಬಿಟ್ಟು ಅವ್ರ ವ್ಯಾಪಾರ ಓದ್ಕೊಂಡು ಸರಿಯಾದ ಪ್ರಶ್ನೆ ಜೊತೆ ಮತ್ತೆ ಬರೀಬಹುದು.

ಫೀ ಮೊದಲ ಮೇಲಲ್ಲಿ ಬೇಡ. ಕೆಲ್ಸ ಏನು ಅಂತ ಇಬ್ರಿಗೂ ಗೊತ್ತಿಲ್ದೆ ಹೇಳಿದ ಅಂಕಿ ಅಕೌಂಟೆಂಟ್ ಸಂಬಳದ ಜೊತೆ ಹೋಲಿಕೆ ಆಗತ್ತೆ, ಅಲ್ಲಿ ನೀವು ಯಾವಾಗ್ಲೂ ದುಬಾರಿನೇ. ಭೇಟಿ ಆಗಿ, ಅವ್ರ ಕಷ್ಟ ಕೇಳಿ, ಎರಡು ದಿನದೊಳಗೆ ಒಂದೇ ಪುಟದ ಮೇಲ್ ಕಳ್ಸಿ: ಮೂರು ತಿಂಗ್ಳಲ್ಲಿ ಏನೇನು ಕೈಗೆ ಕೊಡ್ತೀನಿ, ತಿಂಗ್ಳಿಗೆ ಎಷ್ಟು ದಿನ ಬರ್ತೀನಿ, ಯಾವ ಕೆಲ್ಸ ನನ್ನದಲ್ಲ, ತಿಂಗಳ ಫೀ ಎಷ್ಟು. ಪುಕ್ಕಟೆ ಟ್ರಯಲ್ ಕೊಡ್ಬೇಡಿ, ಪುಕ್ಕಟೆ ಬಂದೋರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡೋಕೆ ಯಾರಿಗೂ ಅವಸರ ಇರಲ್ಲ. ಮೂರು ತಿಂಗ್ಳ ಚಿಕ್ಕ ಒಪ್ಪಂದ ಮಾಡ್ಕೊಳ್ಳಿ, ಬೇಡ ಅನ್ಸಿದ್ರೆ ಇಬ್ರೂ ನಿಲ್ಲಿಸ್ಬಹುದು ಅಂತ ಬರ್ದಿರ್ಲಿ. ಫೀ ಮೇಲೆ ಜಿಎಸ್‌ಟಿ ಬೇರೆ ಅಂತ ಮೊದ್ಲೇ ಹಾಕಿ: ನಾಲ್ಕು ಕಡೆ ತಿಂಗ್ಳಿಗೆ 50,000 ಅಂತ ಇಟ್ಕೊಂಡ್ರೂ ವರ್ಷಕ್ಕೆ 24 ಲಕ್ಷ ಆಯ್ತು, ಸೇವೆಗೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ ಬೇಕು, 18% ಹಾಕ್ಬೇಕು. ಅವ್ರು 10% ಟಿಡಿಎಸ್ ಕಳೆದು ಕೊಡ್ತಾರೆ, ಅದನ್ನ ನಿಮ್ಮ ಮನೆ ಬಜೆಟ್‌ನಲ್ಲಿ ಲೆಕ್ಕ ಹಾಕ್ಕೊಳ್ಳಿ. ನಿಮ್ಮ ಹೆಸರಲ್ಲೂ ಉದ್ಯಮ್ ರಿಜಿಸ್ಟ್ರೇಷನ್ ಮಾಡ್ಸಿ, ಅದು ಉಚಿತ, ಸೇವೆ ಕೊಡೋರಿಗೂ ಆ 45 ದಿನದ ರಕ್ಷಣೆ ಸಿಗತ್ತೆ, ಮತ್ತೆ ಪ್ರತೀ ಇನ್ವಾಯ್ಸ್ ಮೇಲೂ ಆ ನಂಬರ್ ಪ್ರಿಂಟ್ ಆಗಿರ್ಲಿ.